ಡಿಫೆಂಡರ್ ಕೊಳ್ಳುವುದೋ, ಎಂ340ಐ ಕೊಳ್ಳುವುದೋ? ಚಿಕ್ಕಬಳ್ಳಾಪುರದಿಂದ ಒಂದು ಪ್ರಶ್ನೆ

ದ್ರಾಕ್ಷಿಚಪ್ಪರ, ಚಿಕ್ಕಬಳ್ಳಾಪುರ

ಎಲ್ಲರಿಗೂ ನಮಸ್ಕಾರ. ಬಹುಕಾಲ ದುಡಿದ ನಮ್ಮ ಇನ್ನೋವಾವನ್ನು ಈ ದೀಪಾವಳಿಯೊಳಗೆ ಬದಲಾಯಿಸಬೇಕೆಂದು ಮನೆಯಲ್ಲಿ ತೀರ್ಮಾನವಾಗಿದೆ. ಅದರ ಜಾಗಕ್ಕೆ ಏನು ಬರಬೇಕೆಂಬುದು ಮಾತ್ರ ತೀರ್ಮಾನವಾಗಿಲ್ಲ. ನನ್ನ ಮನಸ್ಸು ಲ್ಯಾಂಡ್ ರೋವರ್ ಡಿಫೆಂಡರ್ 110 ಮತ್ತು ಬಿಎಂಡಬ್ಲ್ಯು ಎಂ340ಐ ಇವೆರಡರ ನಡುವೆ ಓಲಾಡುತ್ತಿದೆ. ಒಂದು ಕಲ್ಲುಮುಳ್ಳಿನ ದಾರಿಗೆಂದು ಕಟ್ಟಿದ ಗಾಡಿ, ಇನ್ನೊಂದು ನುಣುಪಾದ ಡಾಂಬರಿಗೆಂದು ಕಟ್ಟಿದ ಕಾರು. ಇವೆರಡನ್ನು ಹೋಲಿಸುವುದೇ ಅಸಂಬದ್ಧವೆಂದು ಗೆಳೆಯರು ನಗುತ್ತಾರೆ. ಆದರೆ ನನ್ನ ಓಡಾಟದಲ್ಲಿ ಎರಡೂ ಬಗೆಯ ದಾರಿಗಳಿರುವುದರಿಂದಲೇ ಈ ಗೊಂದಲ ಹುಟ್ಟಿದೆ.

ನಮ್ಮ ಮನೆ ಪಟ್ಟಣದಲ್ಲಿದೆ. ಕೆಲಸದ ನಿಮಿತ್ತ ವಾರದಲ್ಲಿ ಹೆಚ್ಚಿನ ದಿನ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ದೇವನಹಳ್ಳಿ ದಾಟಿ ಬೆಂಗಳೂರಿಗೆ ಹೋಗಿಬರುತ್ತೇನೆ. ಬೆಳಿಗ್ಗೆ ಬೇಗ ಹೊರಟರೆ ಹೆಬ್ಬಾಳದವರೆಗೆ ಆ ರಸ್ತೆ ಬಹಳ ಚೆನ್ನಾಗಿರುತ್ತದೆ. ತೋಟ ಇರುವುದು ನಂದಿ ಬೆಟ್ಟಸಾಲಿನ ಬುಡದಲ್ಲಿ. ಪಟ್ಟಣದಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ ಮೊದಲು ಒಂದು ರೈಲ್ವೆ ಅಂಡರ್‌ಪಾಸ್, ಆಮೇಲೆ ಕೆರೆಯ ಕೋಡಿಗೆ ಅಡ್ಡಲಾಗಿ ಕಟ್ಟಿದ ಒಂದು ಹಳೆಯ ಮೋರಿ, ಕೊನೆಗೆ ಎರಡೂ ಕಡೆ ಕಲ್ಲುಕಂಬ ನೆಟ್ಟ ಕೆಂಪುಮಣ್ಣಿನ ಓಣಿ. ಬೇಸಿಗೆಯಲ್ಲಿ ಯಾವ ಗಾಡಿಯಾದರೂ ಹೋಗುತ್ತದೆ. ಮುಂಗಾರು ಹಿಡಿದರೆ ಟ್ರ್ಯಾಕ್ಟರಿನ ಚಕ್ರ ಬಿಟ್ಟುಹೋದ ಜಾಡಿನಲ್ಲಿ ಇನ್ನೋವಾದ ಹೊಟ್ಟೆ ಕೂಡ ಒರೆಸಿಕೊಳ್ಳುತ್ತದೆ. ಭಾನುವಾರಗಳಂದು ತಾಯಿಯವರೂ ಮಕ್ಕಳೂ ನನ್ನ ಜೊತೆ ತೋಟಕ್ಕೆ ಬರುತ್ತಾರೆ. ತಾಯಿಯವರಿಗೆ ಮೊಣಕಾಲು ನೋವಿದೆ.

ಎರಡನ್ನೂ ಓಡಿಸಿ ನೋಡಿದ್ದೇನೆ. ಡಿಫೆಂಡರ್‌ನಲ್ಲಿ ಎತ್ತರದಲ್ಲಿ ಕುಳಿತು ಬಾನೆಟ್ಟಿನ ನಾಲ್ಕು ಮೂಲೆಯನ್ನೂ ಕಾಣುತ್ತಾ ಹೋಗುವಾಗ ಸಿಗುವ ನೆಮ್ಮದಿಗೆ ಬೆಲೆ ಕಟ್ಟಲಾಗದು. ಎಂ340ಐಯಲ್ಲಿ ಆರು ಸಿಲಿಂಡರಿನ ಎಂಜಿನ್ ಮೂರು ಸಾವಿರ ಸುತ್ತು ದಾಟಿದ ಮೇಲೆ ಬೆನ್ನನ್ನು ಸೀಟಿಗೆ ಒತ್ತುವ ರೀತಿ ಇನ್ನೂ ಮರೆತಿಲ್ಲ. ರಸ್ತೆ ತೆರಿಗೆ, ವಿಮೆ ಎಲ್ಲವೂ ಸೇರಿ ಒಂದೂಕಾಲು ಕೋಟಿಯ ಆಚೆಗೆ ಹೋಗಲು ಮನಸ್ಸಿಲ್ಲ. ಈ ಎರಡರಲ್ಲಿ ಒಂದನ್ನು ಬಳಸುತ್ತಿರುವವರು, ಅಥವಾ ಇಂಥದೇ ಆಯ್ಕೆಯ ಮುಂದೆ ನಿಂತಿದ್ದವರು, ಯಾವುದನ್ನು ಮುಖ್ಯವೆಂದು ಎಣಿಸಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಕೆಂಪುಮಣ್ಣು, ಬಾಗೇಪಲ್ಲಿ

ದ್ರಾಕ್ಷಿಚಪ್ಪರ ಅವರೇ, ನೀವು ಅಶ್ವಶಕ್ತಿಯಿಂದ ಲೆಕ್ಕ ಶುರು ಮಾಡಬೇಡಿ, ಆ ಮೋರಿಯಿಂದ ಶುರು ಮಾಡಿ. ಎಂ340ಐಯ 374 ಅಶ್ವಶಕ್ತಿ ಹೆದ್ದಾರಿಯಲ್ಲಿ ಎಷ್ಟು ಸೊಗಸಾಗಿದ್ದರೂ ನಿಮ್ಮ ಮೋರಿಯ ಉಬ್ಬು ಅದರ ಹೊಟ್ಟೆಗಿಂತ ಎತ್ತರವಿದ್ದರೆ ಮಾತು ಅಲ್ಲಿಗೇ ಮುಗಿಯಿತು. ನೆಲದಿಂದ ಇರುವ ಎತ್ತರ ಒಂದನ್ನೇ ಎಲ್ಲರೂ ನೋಡುತ್ತಾರೆ. ಉಬ್ಬನ್ನು ದಾಟುವಾಗ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರವೂ ಅಷ್ಟೇ ಮುಖ್ಯ. ಬಿಎಂಡಬ್ಲ್ಯು 3 ಸೀರೀಸ್‌ನಲ್ಲಿ ಈ ಅಂತರ ಸುಮಾರು 2.85 ಮೀಟರ್. ಮೋರಿಯ ಎರಡೂ ಬದಿಗೆ ಅಷ್ಟು ದೂರದಲ್ಲಿ ಎರಡು ಗೂಟ ನೆಟ್ಟು, ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿ ದಾರವನ್ನು ಬಿಗಿಯಾಗಿ ಕಟ್ಟಿ, ದಾರಕ್ಕೂ ಉಬ್ಬಿನ ನೆತ್ತಿಗೂ ನಡುವೆ ಉಳಿಯುವ ಅಂತರವನ್ನು ಅಳೆಯಿರಿ. ಅದನ್ನು 30ರಿಂದ ಕಳೆದರೆ ಉಬ್ಬು ಗಾಡಿಯ ಹೊಟ್ಟೆಯ ಕಡೆಗೆ ಎಷ್ಟು ಏಳುತ್ತದೆಂಬುದು ಸಿಗುತ್ತದೆ. ಶೋರೂಮಿನವರು ಹೇಳುವ ಎತ್ತರ ಖಾಲಿ ಗಾಡಿಯದು ಎಂಬುದು ನೆನಪಿರಲಿ. ಐದು ಜನ ಕುಳಿತು ಡಿಕ್ಕಿಯಲ್ಲಿ ಎರಡು ಕ್ರೇಟ್ ಹಣ್ಣು ಇಟ್ಟರೆ ಅದು ಇಳಿಯುತ್ತದೆ.

ಡಿಫೆಂಡರ್ 110ರ ಏರ್ ಸಸ್ಪೆನ್ಷನ್ ಅನ್ನು, ಅಂದರೆ ಗಾಳಿಯ ಒತ್ತಡದಿಂದ ಗಾಡಿಯನ್ನು ಏರಿಸಿ ಇಳಿಸುವ ವ್ಯವಸ್ಥೆಯನ್ನು, ಪೂರ್ತಿ ಎತ್ತಿದರೆ ನೆಲದಿಂದ 291 ಮಿಲಿಮೀಟರ್ ಎತ್ತರ ಸಿಗುತ್ತದೆ. ಆ ಮಟ್ಟದಲ್ಲಿ 900 ಮಿಲಿಮೀಟರ್ ಆಳದ ನೀರನ್ನು ದಾಟಬಹುದೆಂದು ಕಂಪನಿಯೇ ಹೇಳುತ್ತದೆ. 3 ಸೀರೀಸ್‌ನ ಕೈಪಿಡಿಯಲ್ಲಿ ಬರೆದಿರುವುದು 25 ಸೆಂಟಿಮೀಟರ್, ಅದೂ ನಿಂತ ನೀರಿನಲ್ಲಿ, ಮನುಷ್ಯ ನಡೆಯುವ ವೇಗದಲ್ಲಿ. ನಿಮ್ಮ ಅಂಡರ್‌ಪಾಸಿನಲ್ಲಿ ಒಂದು ಜೋರು ಮಳೆಗೆ ಎಷ್ಟು ನೀರು ನಿಲ್ಲುತ್ತದೆಂಬುದನ್ನು ನಾನು ಹೇಳಬೇಕಾಗಿಲ್ಲ. 2021ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯ ಕೆರೆಗಳು ಕೋಡಿ ಬಿದ್ದಾಗ ಎಷ್ಟೋ ಹಳ್ಳಿಯ ರಸ್ತೆಗಳು ಹಳ್ಳವಾಗಿದ್ದನ್ನು ನಾವೆಲ್ಲ ನೋಡಿದ್ದೇವೆ. ಇಷ್ಟರ ಮೇಲೆ ಒಂದು ಎಚ್ಚರಿಕೆ: 900 ಎಂಬ ಅಂಕಿಯೂ ಹರಿಯುವ ನೀರಿಗೆ ಅನ್ವಯಿಸುವುದಿಲ್ಲ. ಕೋಡಿಯ ನೀರು ಪಕ್ಕದಿಂದ ನೂಕುತ್ತದೆ, ಮೋರಿಯ ಅಂಚು ಕೊಚ್ಚಿಹೋಗಿದ್ದರೆ ಮೇಲಿನಿಂದ ಕಾಣುವುದಿಲ್ಲ. ಅಂಥ ದಿನ ಯಾವ ಗಾಡಿಯಿದ್ದರೂ ತೋಟಕ್ಕೆ ಹೋಗದಿರುವುದೇ ಸರಿ.

ಎಂ340ಐಯಲ್ಲೂ ನಾಲ್ಕು ಚಕ್ರಕ್ಕೆ ಶಕ್ತಿ ಹೋಗುತ್ತದಲ್ಲ ಎಂದು ಯಾರಾದರೂ ಹೇಳಿದರೆ ಅಷ್ಟಕ್ಕೇ ಮರುಳಾಗಬೇಡಿ. ಆ ಎಕ್ಸ್‌ಡ್ರೈವ್ ವ್ಯವಸ್ಥೆ ಇರುವುದು ಒದ್ದೆ ಡಾಂಬರಿನಲ್ಲಿ ಶಕ್ತಿ ಪೋಲಾಗದಂತೆ ನೋಡಿಕೊಳ್ಳಲು. ಕೆಸರಿನಿಂದ ಗಾಡಿಯನ್ನು ಎಳೆದು ತರಲು ಬೇಕಾದದ್ದು ಎರಡು ಹಂತದ ಟ್ರಾನ್ಸ್‌ಫರ್ ಕೇಸ್, ಅಂದರೆ ಲೋ ರೇಂಜ್ ಗೇರ್. ಅದು ಡಿಫೆಂಡರ್‌ನಲ್ಲಿದೆ. ಎಂಜಿನ್ ಕೂಗದೆ, ಚಕ್ರ ಗಿರಗಿರನೆ ತಿರುಗಿ ಗುಂಡಿ ತೋಡದೆ, ಆಮೆಯ ವೇಗದಲ್ಲಿ ದಿಣ್ಣೆ ಹತ್ತಿಸುವುದು ಅದೇ ಗೇರ್. ವೇಗದ ಐಷಾರಾಮಿ ಎಸ್‌ಯುವಿ ಎಂದು ಮಾರುವ ಹಲವು ಗಾಡಿಗಳಲ್ಲಿ ಇದು ಇರುವುದಿಲ್ಲ. ಪೋರ್ಶೆ ಕಯೆನ್‌ನ 2002ರ ಮೊದಲ ತಲೆಮಾರಿನಲ್ಲಿ ಇತ್ತು. ಮುಂದಿನ ತಲೆಮಾರಿನಲ್ಲಿ ಕಂಪನಿಯೇ ತೆಗೆದುಹಾಕಿತು. ಕೊಳ್ಳುವವರಲ್ಲಿ ಹೆಚ್ಚಿನವರು ಕೆಸರಿಗೆ ಇಳಿಸುವವರಲ್ಲ ಎಂದಲ್ಲವೇ ಅದರ ಅರ್ಥ?

ಡಿಫೆಂಡರ್‌ನ ವಿರುದ್ಧವೂ ಒಂದು ಮಾತು ಹೇಳಲೇಬೇಕು. ಬೆಂಗಳೂರಿನಲ್ಲಿ ಕಾಣುವ ಎಷ್ಟೋ ಡಿಫೆಂಡರ್‌ಗಳು 22 ಇಂಚಿನ ಹೊಳೆಯುವ ಚಕ್ರದ ಮೇಲೆ ನಿಂತಿರುತ್ತವೆ. ಅದಕ್ಕೆ ಬರುವ ನುಣುಪು ಟೈರಿನ ಗೆರೆಗಳಲ್ಲಿ ನಮ್ಮ ಕೆಂಪುಮಣ್ಣು ಒಮ್ಮೆ ಮೆತ್ತಿಕೊಂಡಿತೆಂದರೆ ಲೋ ರೇಂಜ್, ನೆಲಕ್ಕೆ ತಕ್ಕಂತೆ ಗಾಡಿಯನ್ನು ಹೊಂದಿಸುವ ಟೆರೇನ್ ರೆಸ್ಪಾನ್ಸ್ ಎಲ್ಲವೂ ಇದ್ದೂ ಗಾಡಿ ಪಕ್ಕಕ್ಕೆ ಜಾರುತ್ತದೆ. 20 ಇಂಚು ಅಥವಾ ಅದಕ್ಕಿಂತ ಚಿಕ್ಕ ಚಕ್ರ, ಮಣ್ಣಿಗೂ ಡಾಂಬರಿಗೂ ಆಗುವ ಆಲ್ ಟೆರೇನ್ ಟೈರ್, ಇವಿಲ್ಲದೆ ಅದನ್ನು ತೋಟಕ್ಕೆಂದು ಕೊಳ್ಳುವುದರಲ್ಲಿ ಅರ್ಥವಿಲ್ಲ. ಅಗಲವನ್ನೂ ಅಳೆಯಿರಿ. ಕನ್ನಡಿಗಳನ್ನು ಬಿಟ್ಟರೂ ಅದು ಹತ್ತಿರ ಹತ್ತಿರ 2 ಮೀಟರ್ ಅಗಲವಿದೆ; ಎದುರಿಗೆ ಟ್ರ್ಯಾಕ್ಟರ್ ಬಂದರೆ ನಿಮ್ಮ ಕಲ್ಲುಕಂಬದ ಓಣಿಯಲ್ಲಿ ಹಿಂದಕ್ಕೆ ಸರಿಯಬೇಕಾದವರು ನೀವೇ.

ಮೂರನೇ ಗೇರ್, ಕೋಲಾರ

ಮೇಲಿನವರು ಹೇಳಿದ ಅಳತೆಗಳಲ್ಲಿ ಯಾವುದನ್ನೂ ಅಲ್ಲಗಳೆಯುವುದಿಲ್ಲ. ಆದರೆ ಪ್ರಶ್ನೆ ಕೇಳಿದವರು ವಾರದ ಬಹುತೇಕ ದಿನ ಹೆದ್ದಾರಿಯಲ್ಲಿರುತ್ತಾರೆ, ತೋಟದ ದಾರಿಯಲ್ಲಿ ಇರುವುದು ಭಾನುವಾರ ಒಂದಿಷ್ಟು ಹೊತ್ತು. ವರ್ಷದಲ್ಲಿ ಕೆಲವೇ ತಿಂಗಳು ಕೆಡುವ ಸ್ವಲ್ಪ ದೂರದ ದಾರಿಗಾಗಿ ದಿನದಿನದ ಸಂತೋಷವನ್ನು ಬಿಟ್ಟುಕೊಡಬೇಕೇ ಎಂಬುದನ್ನೂ ಕೇಳಿಕೊಳ್ಳಬೇಕು.

ವೇಗದ ಕಾರನ್ನು ವೇಗಕ್ಕಾಗಿಯೇ ಕೊಳ್ಳುತ್ತಾರೆಂಬುದು ಅದನ್ನು ಓಡಿಸದವರ ಮಾತು. ನಮ್ಮಲ್ಲಿ ಆ ವೇಗಕ್ಕೆ ಜಾಗವೂ ಇಲ್ಲ, ಅನುಮತಿಯೂ ಇಲ್ಲ. ಹೆಬ್ಬಾಳದಿಂದ ವಿಮಾನ ನಿಲ್ದಾಣದ ಕಡೆಗೆ ಮಿತಿ ಗಂಟೆಗೆ 80 ಕಿಲೋಮೀಟರ್. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರುಗಳಿಗೆ ಕೇಂದ್ರ ನಿಗದಿಪಡಿಸಿದ ಗರಿಷ್ಠ ಮಿತಿ 100, ಎಕ್ಸ್‌ಪ್ರೆಸ್‌ವೇಯಲ್ಲಿ 120. 2024ರ ಆಗಸ್ಟ್ ತಿಂಗಳಿನಿಂದ ರಾಜ್ಯದಲ್ಲಿ 130 ದಾಟಿದವರ ಮೇಲೆ ಬರೀ ದಂಡವಲ್ಲ, ಎಫ್‌ಐಆರ್ ದಾಖಲಿಸುವ ಕ್ರಮ ಜಾರಿಗೆ ಬಂದಿದೆ. ನಮ್ಮ ಕಡೆ ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ ಹಾದು ಬೇತಮಂಗಲದತ್ತ ಹೋಗುವ ಚೆನ್ನೈ ಎಕ್ಸ್‌ಪ್ರೆಸ್‌ವೇ ತೆರೆದುಕೊಂಡ ಮೇಲೆ ಅಲ್ಲಿಗೆ ಭಾನುವಾರ ಬೆಳಿಗ್ಗೆ ಬರುವ ಕಾರುಗಳನ್ನು ನೋಡಿದ್ದೇನೆ. ಆ ಸಪಾಟಾದ ನೇರ ರಸ್ತೆಯಲ್ಲಿ ಆಕ್ಸಿಲರೇಟರ್ ತುಳಿಯುವುದಕ್ಕೆ ಜಾಣತನವೂ ಬೇಡ, ಒಳ್ಳೆಯ ಕಾರೂ ಬೇಡ. ನಾಯಿಯೋ ದನವೋ ಅಡ್ಡ ಬಂದರೆ ಯಾವ ಬ್ರೇಕೂ ಸಾಲದು: 100ರಲ್ಲಿ ಇರುವ ಚಲನಶಕ್ತಿಗಿಂತ 130ರಲ್ಲಿ ಇರುವುದು ಸುಮಾರು ಶೇಕಡಾ 70ರಷ್ಟು ಹೆಚ್ಚು.

ಎಂ340ಐಯ ನಿಜವಾದ ಗುಣ ಇರುವುದು ಅದರ ತೂಕದಲ್ಲಿ ಮತ್ತು ಅದು ನೆಲಕ್ಕೆ ಹತ್ತಿರ ಕುಳಿತಿರುವುದರಲ್ಲಿ. ಅದು ಒಂದೂಮುಕ್ಕಾಲು ಟನ್ನಿನ ಆಸುಪಾಸು. ಡಿಫೆಂಡರ್ 110 ಎರಡು ಟನ್ನು ದಾಟಿ ಮೇಲಕ್ಕೆ ಹೋಗುತ್ತದೆ. ಮುಂದಿನ ಲಾರಿ ಇದ್ದಕ್ಕಿದ್ದಂತೆ ಪಥ ಬದಲಿಸಿದಾಗ ಸ್ಟಿಯರಿಂಗ್ ತಿರುಗಿಸಿ ಮತ್ತೆ ನೇರ ಮಾಡುವ ಆ ಒಂದು ಕ್ಷಣದಲ್ಲಿ ಈ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. ಡಿಫೆಂಡರ್ ಕೆಟ್ಟದಾಗಿ ವರ್ತಿಸುವುದಿಲ್ಲ, ಹಳೆಯ ಜೀಪುಗಳಂತೆ ಅಲ್ಲಾಡುವುದೂ ಇಲ್ಲ. ಆದರೆ ಮೈ ವಾಲಿಸಿ, ಯೋಚಿಸಿ, ಆಮೇಲೆ ತಿರುಗುತ್ತದೆ. ಲಾರಿಯನ್ನು ಹಿಂದಿಕ್ಕುವಾಗ ನಿಂತಲ್ಲಿಂದ 100ಕ್ಕೆ 4.4 ಸೆಕೆಂಡಿನಲ್ಲಿ ತಲುಪುವ ಕಾರು ಎದುರು ಪಥದಲ್ಲಿ ಕಳೆಯುವ ಹೊತ್ತು ಕಡಿಮೆ. ನಮ್ಮ ಮುಳಬಾಗಿಲು, ಶ್ರೀನಿವಾಸಪುರದ ಎರಡು ಪಥದ ರಸ್ತೆಗಳಲ್ಲಿ ನಾನು ಇದನ್ನು ಸುರಕ್ಷತೆಯ ಲೆಕ್ಕಕ್ಕೇ ಸೇರಿಸುತ್ತೇನೆ. ನಿಜವಾಗಿ ವೇಗದ ಆಸೆಯಿದ್ದರೆ ಚೆನ್ನೈ ಬಳಿಯ ಇರುಂಗಾಟುಕೋಟೈ ರೇಸ್ ಟ್ರ್ಯಾಕ್ ಇದೆ. ದಿನ ನಿಗದಿಯಾದಾಗ ಹಣ ಕಟ್ಟಿ, ಹೆಲ್ಮೆಟ್ ಹಾಕಿಕೊಂಡು ಓಡಿಸಬಹುದು.

ಇತ್ತೀಚೆಗೆ ಈ ಎರಡು ಜಾತಿಗಳ ನಡುವಿನ ಗೆರೆಯೇ ಅಳಿಸಿಹೋಗುತ್ತಿದೆ ಎಂಬುದು ನಿಜ. ಡಿಫೆಂಡರ್ ಆಕ್ಟಾ ಎಂಬುದು 4.4 ಲೀಟರಿನ ವಿ8 ಎಂಜಿನ್, 635 ಅಶ್ವಶಕ್ತಿ ಹೊತ್ತು ಬಂದಿದೆ. ಅತ್ತ ಬಿಎಂಡಬ್ಲ್ಯುವಿನ ಹೊಸ ಎಂ5 ಬ್ಯಾಟರಿ, ಮೋಟಾರ್ ಎಲ್ಲವನ್ನೂ ತುಂಬಿಕೊಂಡು 727 ಅಶ್ವಶಕ್ತಿಯ ಜೊತೆಗೆ ಸುಮಾರು 2.4 ಟನ್ ತೂಕಕ್ಕೆ ಬೆಳೆದಿದೆ. ಸೆಡಾನ್ ಎಂದು ಕರೆಸಿಕೊಳ್ಳುವ ಅದು ಡಿಫೆಂಡರ್‌ನಷ್ಟೇ ಭಾರ! ಇವೆರಡೂ ನಿಮ್ಮ ಬೆಲೆಯ ಆಚೆ ಇರುವುದರಿಂದ ಚರ್ಚೆ ಬೇಡ. ನಿಮ್ಮ ಪಟ್ಟಿಯಲ್ಲಿರುವ ಎಂ340ಐ ಇನ್ನೂ ಹಗುರವಾಗಿ ಉಳಿದಿರುವ ಕೊನೆಯ ಕೆಲವು ಕಾರುಗಳಲ್ಲಿ ಒಂದು ಎಂಬುದಕ್ಕಷ್ಟೇ ಹೇಳಿದೆ.

ನನ್ನ ಸಲಹೆ ಬೇರೆ. ನೀವು ಬರೆದ ಪ್ರಕಾರ ಮನೆ ಪಟ್ಟಣದಲ್ಲಿದೆ, ಹೆದ್ದಾರಿ ಒಂದು ಕಡೆಗೆ, ತೋಟ ಇನ್ನೊಂದು ಕಡೆಗೆ. ಎರಡು ಬಗೆಯ ದಾರಿಗಳೂ ನಿಮ್ಮ ಮನೆಯ ಬಾಗಿಲಲ್ಲೇ ಬೇರೆಯಾಗುತ್ತವೆ, ಒಂದೇ ಪ್ರಯಾಣದಲ್ಲಿ ಎರಡೂ ಬರುವುದಿಲ್ಲ. ಹಾಗಿರುವಾಗ ಒಂದೇ ಗಾಡಿ ಎರಡನ್ನೂ ಮಾಡಬೇಕೆಂಬ ಹಟ ಏಕೆ? ಎಂ340ಐ ಕೊಂಡು, ಉಳಿದ ಹಣದಲ್ಲಿ ನಾಲ್ಕು ಚಕ್ರದ ಚಾಲನೆಯ ಮಹೀಂದ್ರಾ ಥಾರ್ ತೆಗೆದುಕೊಳ್ಳಿ. ಅದರಲ್ಲಿ ಲೋ ರೇಂಜ್ ಇದೆ, ನೆಲದಿಂದ 226 ಮಿಲಿಮೀಟರ್ ಎತ್ತರವಿದೆ, 650 ಮಿಲಿಮೀಟರ್ ನೀರು ದಾಟುತ್ತದೆ. ಕಲ್ಲುಕಂಬಕ್ಕೆ ಉಜ್ಜಿದರೆ ಎದೆ ಒಡೆಯುವುದಿಲ್ಲ.

ಲೆಕ್ಕದ ಪುಸ್ತಕ, ಚಿಂತಾಮಣಿ

ನಾನು ಲೆಕ್ಕಪತ್ರದ ಕೆಲಸದವನು, ಆದ್ದರಿಂದ ಅದರಷ್ಟಕ್ಕೇ ಮಾತಾಡುತ್ತೇನೆ.

ಶೋರೂಮಿನ ಬೆಲೆ 20 ಲಕ್ಷ ದಾಟಿದ ಕಾರುಗಳಿಗೆ ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆ ಶೇಕಡಾ 18, ಆ ತೆರಿಗೆಯ ಮೇಲೆ ಶೇಕಡಾ 11ರ ಸೆಸ್. ಅಂದರೆ 1 ಕೋಟಿಯ ಗಾಡಿಗೆ ಆರ್‌ಟಿಒದಲ್ಲಿ ಕಟ್ಟುವುದೇ ಸುಮಾರು 20 ಲಕ್ಷ. ಡಿಫೆಂಡರ್‌ನ ಬೆಲೆ ಕೋಟಿಯ ಗಡಿಯಲ್ಲಿ ಶುರುವಾಗುವುದರಿಂದ ವಿಮೆ ಸೇರಿದರೆ ನಿಮ್ಮ ಒಂದೂಕಾಲು ಕೋಟಿ ಅಲ್ಲಿಗೇ ಮುಗಿಯುತ್ತದೆ, ಟೈರ್, ಮ್ಯಾಟು, ಪಕ್ಕದ ಮೆಟ್ಟಿಲು ಎಂಬ ಮಾತಿಗೆ ಜಾಗ ಉಳಿಯುವುದಿಲ್ಲ. ಎಂ340ಐ ಚೆನ್ನೈನಲ್ಲಿ ಜೋಡಣೆಯಾಗುತ್ತದೆ, ಬೆಲೆ ಮುಕ್ಕಾಲು ಕೋಟಿಯ ಆಸುಪಾಸು. ಡಿಫೆಂಡರ್ ಪೂರ್ತಿ ತಯಾರಾಗಿ ಹಡಗಿನಲ್ಲಿ ಬರುವುದರಿಂದ ನೀವು ಕೊಡುವ ಹಣದಲ್ಲಿ ದೊಡ್ಡ ಪಾಲು ಕಸ್ಟಮ್ಸ್ ಸುಂಕ. 2025ರ ಜುಲೈನಲ್ಲಿ ಬ್ರಿಟನ್ನಿನ ಜೊತೆ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಡಿಫೆಂಡರ್ ಅಗ್ಗವಾಗುತ್ತದೆಂದು ಕಾಯುತ್ತಿರುವ ಕೆಲವರು ನನಗೆ ಗೊತ್ತು. ಬ್ರ್ಯಾಂಡ್ ಬ್ರಿಟನ್ನಿನದಾದರೂ ಅದು ತಯಾರಾಗುವುದು ಸ್ಲೊವಾಕಿಯಾದ ನಿಟ್ರಾದಲ್ಲಿ. ಆ ಒಪ್ಪಂದವನ್ನು ನಂಬಿ ಕಾಯುವುದರಿಂದ ಲಾಭವಿಲ್ಲ. ಜಿಎಸ್‌ಟಿಯಲ್ಲಿ ಮೊದಲು ದೊಡ್ಡ ಎಸ್‌ಯುವಿಗೆ ಸೆಸ್ ಸೇರಿ ಶೇಕಡಾ 50, ದೊಡ್ಡ ಸೆಡಾನಿಗೆ 48 ಇತ್ತು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ 40 ಆಗಿರುವುದರಿಂದ ಆ ವ್ಯತ್ಯಾಸ ಈಗಿಲ್ಲ.

ಬಿಲ್ಲಿನಲ್ಲಿ ಶೇಕಡಾ 1 ಟಿಸಿಎಸ್, ಅಂದರೆ ಮಾರುವವರೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, ಎಂದು ಸೇರಿಸಿರುತ್ತಾರೆ. ಅದು ಖರ್ಚಲ್ಲ, ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ ಲೆಕ್ಕಕ್ಕೆ ಸಿಗುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ರಿಟರ್ನ್ ಹಾಕದೆ ಇರುವ ನಮ್ಮ ಕಡೆಯ ತೋಟದವರು ಈ ಹಣವನ್ನು ಸುಮ್ಮನೆ ಬಿಟ್ಟುಬಿಡುತ್ತಾರೆ. ವ್ಯವಹಾರದ ಹೆಸರಿನಲ್ಲಿ ಕೊಂಡರೆ ಜಿಎಸ್‌ಟಿ ವಾಪಸು ಸಿಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಸ್ವಂತ ಓಡಾಟದ ಕಾರಿಗೆ ಆ ಕ್ರೆಡಿಟ್ ಇಲ್ಲ.

ವಿಮೆಯಲ್ಲಿ ಒಂದು ವಿಷಯವನ್ನು ಮರೆಯಬೇಡಿ. ನೀರಿನಲ್ಲಿ ನಿಂತುಹೋದ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಲು ಹೋದಾಗ ಎಂಜಿನ್ನಿನೊಳಗೆ ನೀರು ಹೊಕ್ಕು ಕನೆಕ್ಟಿಂಗ್ ರಾಡ್ ಬಾಗಿದರೆ ಸಾಮಾನ್ಯ ಪಾಲಿಸಿಯಲ್ಲಿ ಆ ನಷ್ಟವನ್ನು ಕೊಡುವುದಿಲ್ಲ. ಎಂಜಿನ್ ರಕ್ಷಣೆ ಎಂಬ ಹೆಚ್ಚುವರಿ ಕವಚ ಬೇಕು. ಅಂಡರ್‌ಪಾಸ್ ದಾಟುವವರಿಗೆ, ಅದರಲ್ಲೂ ತಗ್ಗು ಕಾರಿನವರಿಗೆ, ಅದು ಐಚ್ಛಿಕವಲ್ಲ ಎಂದೇ ನನ್ನ ಎಣಿಕೆ. ಮೊದಲ ಮೂರು ವರ್ಷ ಇನ್‌ವಾಯ್ಸ್ ಬೆಲೆ ಕೊಡುವ ಕವಚವೂ ಇರಲಿ, ಏಕೆಂದರೆ ಪಾಲಿಸಿಯಲ್ಲಿ ಗಾಡಿಯ ಮೌಲ್ಯ ಮೊದಲ ವರ್ಷ ತುಂಬುವಷ್ಟರಲ್ಲಿ ಶೇಕಡಾ 15, ಎರಡನೆಯದರಲ್ಲಿ 20, ಮೂರನೆಯದರಲ್ಲಿ 30 ಎಂದು ಇಳಿಯುತ್ತದೆ.

ರೇಷ್ಮೆಗೂಡು, ಶಿಡ್ಲಘಟ್ಟ

ಎಲ್ಲರೂ ಗಾಡಿಯ ಹೊಟ್ಟೆಯನ್ನು ಅಳೆದಿರಿ, ಹತ್ತುವವರ ಕಾಲನ್ನು ಯಾರೂ ಅಳೆಯಲಿಲ್ಲ. ನಮ್ಮ ಅತ್ತೆಯವರಿಗೂ ಮೊಣಕಾಲಿನ ತೊಂದರೆಯಿರುವುದರಿಂದ ಹೇಳುತ್ತೇನೆ. ತಗ್ಗಿನ ಕಾರಿನಲ್ಲಿ ಕೂರುವುದು ಸುಲಭ, ಏಳುವುದು ಕಷ್ಟ. ಎರಡು ಕೈ ಊರಿ, ಯಾರಾದರೂ ಎದುರಿಗೆ ನಿಂತು ಎಳೆದರಷ್ಟೇ ಏಳಲು ಸಾಧ್ಯ. ಎತ್ತರದ ಗಾಡಿಯಲ್ಲಿ ಇಳಿಯುವುದು ಸುಲಭ, ಹತ್ತುವುದು ಕಷ್ಟ. ಸೀರೆ ಉಟ್ಟವರು ಒಂದೇ ಹೆಜ್ಜೆಗೆ ಅಷ್ಟು ಎತ್ತರಕ್ಕೆ ಕಾಲಿಡಲಾರರು. ಏರ್ ಸಸ್ಪೆನ್ಷನ್ ಇರುವ ಡಿಫೆಂಡರ್ ಹತ್ತಿಸಿಕೊಳ್ಳಲು ಸುಮಾರು 50 ಮಿಲಿಮೀಟರ್ ತಗ್ಗುತ್ತದೆ, ಅದೂ ಸಾಲದೆ ಪಕ್ಕದ ಮೆಟ್ಟಿಲು ಬೇಕಾಗುತ್ತದೆ. ದಯವಿಟ್ಟು ತಾಯಿಯವರನ್ನು ಶೋರೂಮಿಗೆ ಕರೆದುಕೊಂಡು ಹೋಗಿ ಎರಡರಲ್ಲೂ ಹಿಂದಿನ ಸೀಟಿಗೆ ಹತ್ತಿಸಿ, ಇಳಿಸಿ ನೋಡಿ. ನಮ್ಮ ಮನೆಯಲ್ಲಿ ಈ ಒಂದು ಪರೀಕ್ಷೆಯಲ್ಲೇ ಗಂಡಸರ ತಿಂಗಳುಗಟ್ಟಲೆಯ ಚರ್ಚೆ ಮುಗಿದುಹೋಯಿತು.

ಇನ್ನೊಂದು ಸಣ್ಣ ವಿಷಯ. ಡಿಫೆಂಡರ್‌ನ ಹಿಂಬಾಗಿಲು ಮೇಲಕ್ಕೆ ಏಳುವುದಿಲ್ಲ, ಸ್ಟೆಪ್ನಿಯನ್ನು ಹೊತ್ತುಕೊಂಡು ಪಕ್ಕಕ್ಕೆ ತೆರೆಯುತ್ತದೆ. ಪಟ್ಟಣದ ಮನೆಯ ಗೇಟಿನೊಳಗೆ ಗೋಡೆಗೆ ಹತ್ತಿರ ಹಿಂದಕ್ಕೆ ತಂದು ನಿಲ್ಲಿಸಿದರೆ ಆ ಬಾಗಿಲು ತೆರೆಯಲು ಜಾಗವಿರುವುದಿಲ್ಲ, ಹಣ್ಣಿನ ಕ್ರೇಟ್ ಇಳಿಸಲು ಮತ್ತೆ ಗಾಡಿಯನ್ನು ಬೀದಿಗೆ ತರಬೇಕು. ಆದರೂ ಆ ಬಾಗಿಲ ಮೇಲಿರುವುದು ಪೂರ್ಣ ಅಳತೆಯ ಸ್ಟೆಪ್ನಿ ಎಂಬುದನ್ನು ಹೊಗಳಲೇಬೇಕು. ವೇಗದ ಕಾರುಗಳಲ್ಲಿ ಬಹುಪಾಲು ಅದನ್ನು ಕೊಡುವುದಿಲ್ಲ.

ಕೆಂಪುಮಣ್ಣು, ಬಾಗೇಪಲ್ಲಿ

ಸ್ಟೆಪ್ನಿಯ ಮಾತು ಬಂದದ್ದು ಒಳ್ಳೆಯದಾಯಿತು. ಟೈರಿನ ಪಕ್ಕದ ಗೋಡೆಯ ಎತ್ತರವನ್ನು ಅದರ ಮೇಲೆ ಬರೆದ ಅಂಕಿಯಿಂದಲೇ ತಿಳಿಯಬಹುದು. ವೇಗದ ಕಾರಿನ ಹಿಂಚಕ್ರದಲ್ಲಿ 255/35 ಎಂದಿದ್ದರೆ ಅಗಲ 255 ಮಿಲಿಮೀಟರ್, ಗೋಡೆಯ ಎತ್ತರ ಅದರ ಶೇಕಡಾ 35, ಅಂದರೆ 89 ಮಿಲಿಮೀಟರ್. ಡಿಫೆಂಡರ್‌ನ 20 ಇಂಚಿನ ಚಕ್ರಕ್ಕೆ ಬರುವ 255/60ರಲ್ಲಿ ಅದು 153. ಅಗಲ ಒಂದೇ, ರಿಮ್ಮಿಗೂ ರಸ್ತೆಗೂ ನಡುವಿನ ರಬ್ಬರು ಮಾತ್ರ ಬೇರೆ. ರಾತ್ರಿ ಹೊತ್ತು ಗುರುತಿಲ್ಲದ ಹಂಪ್ ಅಥವಾ ಗುಂಡಿಗೆ ಬಿದ್ದಾಗ 89 ಮಿಲಿಮೀಟರಿನ ಗೋಡೆ ಪೂರ್ತಿ ಅದುಮಿ ರಿಮ್ಮಿನ ಅಂಚಿಗೆ ಸಿಕ್ಕಿ ಸೀಳುತ್ತದೆ. ಪಕ್ಕದ ಗೋಡೆ ಸೀಳಿದ ಟೈರಿಗೆ ಪಂಚರ್ ಹಾಕಲಾಗುವುದಿಲ್ಲ, ಆ ಅಳತೆಯ ಟೈರ್ ನಮ್ಮ ಊರಿನ ಅಂಗಡಿಯಲ್ಲಿ ಸಿಗುವುದೂ ಇಲ್ಲ. ಮೂರನೇ ಗೇರ್ ಅವರು ಹೆದ್ದಾರಿಯ ಸಂತೋಷದ ಬಗ್ಗೆ ಬರೆದದ್ದೆಲ್ಲ ನಿಜವಿರಬಹುದು, ಆದರೆ ಹೆದ್ದಾರಿಯಿಂದ ಮನೆಯವರೆಗೂ ಒಂದು ರಸ್ತೆ ಇರುತ್ತದೆ.

ದ್ರಾಕ್ಷಿಚಪ್ಪರ, ಚಿಕ್ಕಬಳ್ಳಾಪುರ

ಇಷ್ಟು ಶ್ರಮವಹಿಸಿ ಬರೆದ ಎಲ್ಲರಿಗೂ ಧನ್ಯವಾದಗಳು. ಗೂಟ ಮತ್ತು ದಾರ ಹಿಡಿದು ಮೋರಿಯ ಬಳಿ ನಿಂತಾಗ ದಾರಿಹೋಕರು ಜಮೀನಿನ ಸರ್ವೆ ಎಂದುಕೊಂಡು ವಿಚಾರಿಸಿದರು. ದಾರಕ್ಕೂ ಉಬ್ಬಿಗೂ ನಡುವೆ ಉಳಿದದ್ದು 17 ಸೆಂಟಿಮೀಟರ್, ಅಂದರೆ ಉಬ್ಬು 13ರಷ್ಟು ಏಳುತ್ತದೆ. ಮನೆಯವರೆಲ್ಲ ಕುಳಿತ ಎಂ340ಐ ಅದನ್ನು ನೇರವಾಗಿ ದಾಟುವುದು ಅನುಮಾನ. ಮೋರಿಯ ಕಲ್ಲಿನ ಮೇಲೆ ಕೋಡಿ ಬಿದ್ದ ವರ್ಷದ ಪಾಚಿಯ ಗೆರೆ ನನ್ನ ಮೊಣಕಾಲಿನ ಮಟ್ಟದಲ್ಲಿದೆ. ಓಣಿಯ ಅತಿ ಕಿರಿದಾದ ಜಾಗ 2.3 ಮೀಟರ್, ಡಿಫೆಂಡರ್ ಕನ್ನಡಿ ಮಡಚಿಕೊಂಡು ಹೋಗಬೇಕು.

ತಾಯಿಯವರನ್ನೂ ಕರೆದೊಯ್ದಿದ್ದೆ. ಡಿಫೆಂಡರ್‌ಗೆ ಮೆಟ್ಟಿಲಿದ್ದರೂ ಅವರಿಗೆ ಹತ್ತಲು ಭಯವಾಯಿತು. ಬಿಎಂಡಬ್ಲ್ಯುವಿನಿಂದ ಏಳಲು ನನ್ನ ಕೈ ಬೇಕಾಯಿತು, ಆದರೆ ಕುಳಿತ ಮೇಲೆ ಅವರಿಗೆ ಅದೇ ಹಿತವೆನಿಸಿತು. ಅವರ ಪ್ರಶ್ನೆ ಇನ್ನೊಂದಿತ್ತು: ಇಷ್ಟು ಹಣ ಕೊಟ್ಟು ತಂದ ಗಾಡಿಯಲ್ಲಿ ಗೊಬ್ಬರದ ಚೀಲ ಹಾಕಲು ನೀನು ಬಿಡುತ್ತೀಯಾ? ನನ್ನಲ್ಲಿ ಉತ್ತರವಿರಲಿಲ್ಲ. ಡಿಫೆಂಡರ್ ತೋಟಕ್ಕಾಗಿ ಎಂದು ನಾನು ಹೇಳಿಕೊಳ್ಳುತ್ತಿದ್ದೆ, ತೋಟದ ಕೆಲಸಕ್ಕೆ ಅದನ್ನು ಹಚ್ಚುವ ಧೈರ್ಯ ನನಗಿಲ್ಲವೆಂಬುದು ಅಲ್ಲಿ ಗೊತ್ತಾಯಿತು.

ಹೀಗಾಗಿ ಮೂರನೇ ಗೇರ್ ಅವರ ದಾರಿಗೆ ವಾಲುತ್ತಿದ್ದೇನೆ. ಎಂ340ಐಯನ್ನು ಹೆದ್ದಾರಿಗೆ ಇಟ್ಟುಕೊಂಡು, ತೋಟಕ್ಕೆ ಮೂರು ಬಾಗಿಲಿನ ಥಾರ್ ಬದಲು ಐದು ಬಾಗಿಲಿನ ಥಾರ್ ರಾಕ್ಸ್ ನಾಲ್ಕು ಚಕ್ರದ ಚಾಲನೆಯದನ್ನು ಕೊಂಡರೆ ಹೇಗೆ? ಹಿಂದಿನ ಸೀಟಿಗೆ ಬೇರೆ ಬಾಗಿಲಿರುವುದರಿಂದ ಒಂದು ಮೆಟ್ಟಿಲು ಹಾಕಿಸಿದರೆ ತಾಯಿಯವರು ನಿಧಾನವಾಗಿ ಹತ್ತುತ್ತಾರೆ. ಆದರೆ ನಾಲ್ಕು ಚಕ್ರದ ಚಾಲನೆಯದು ಡೀಸೆಲ್‌ನಲ್ಲಿ ಮಾತ್ರ ಸಿಗುತ್ತದೆ ಎಂದು ಶೋರೂಮಿನವರು ಹೇಳಿದರು. ಮನೆಯಿಂದ ತೋಟಕ್ಕೆ, ತೋಟದಿಂದ ಮನೆಗೆ ಮಾತ್ರ ಓಡುವ ಗಾಡಿಗೆ ಡೀಸೆಲ್ ಸರಿಹೋಗುತ್ತದೆಯೇ?

ಕೆಂಪುಮಣ್ಣು, ಬಾಗೇಪಲ್ಲಿ

ಅಲ್ಲೇ ಇರುವುದು ತೊಡಕು. ಈಗಿನ ಹೊಗೆ ನಿಯಮದ (ಬಿಎಸ್6) ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಜಾಲರಿಯಿದೆ. ಹಿಡಿದ ಮಸಿ ಸುಟ್ಟುಹೋಗಬೇಕಾದರೆ ಸೈಲೆನ್ಸರ್ ಕೊಳವೆ ಚೆನ್ನಾಗಿ ಕಾಯಬೇಕು, ಅದಕ್ಕೆ ಒಂದೇ ವೇಗದಲ್ಲಿ ಒಂದಷ್ಟು ಹೊತ್ತು ಓಡಬೇಕು. ಎಂಜಿನ್ ಕಾಯುವ ಮೊದಲೇ ತೋಟ ಬಂದುಬಿಟ್ಟರೆ, ಅದೂ ದಿನದಿನವೂ, ಮಸಿ ಕಟ್ಟಿಕೊಂಡು ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಆಗಲೂ ಲಕ್ಷ್ಯ ಕೊಡದಿದ್ದರೆ ಗಾಡಿ ಶಕ್ತಿ ಕಡಿಮೆ ಮಾಡಿಕೊಂಡು ವರ್ಕ್‌ಶಾಪಿನ ದಾರಿ ಹಿಡಿಸುತ್ತದೆ. ಡಿಫೆಂಡರ್‌ನ ಡೀಸೆಲ್ ಕೊಂಡಿದ್ದರೂ ಇದೇ ಆಗುತ್ತಿತ್ತು, ದುರಸ್ತಿಯ ಬಿಲ್ಲು ಮಾತ್ರ ಹಲವು ಪಟ್ಟು ಹೆಚ್ಚಿರುತ್ತಿತ್ತು.

ಪರಿಹಾರ ಕಷ್ಟದ್ದಲ್ಲ. ವಾರದಲ್ಲಿ ಒಂದು ದಿನ ಬೆಂಗಳೂರಿನ ಓಡಾಟಕ್ಕೆ ರಾಕ್ಸ್ ಅನ್ನೇ ತೆಗೆದುಕೊಂಡು ಹೋಗಿ, ಹೆದ್ದಾರಿಯಲ್ಲಿ ಒಂದೇ ಸಮನಾದ ವೇಗದಲ್ಲಿ ಅರ್ಧ ಗಂಟೆ ಓಡಲಿ. ದೀಪ ಹತ್ತಿದ ಮೇಲೆ ತೋಟದ ಬಾಗಿಲಲ್ಲಿ ನಿಲ್ಲಿಸಿ ಸುಮ್ಮನೆ ರೇಸ್ ಮಾಡುವುದರಿಂದ ಪ್ರಯೋಜನವಿಲ್ಲ. ಗಾಡಿ ಬಂದ ಮೊದಲ ವಾರದಲ್ಲೇ ಕಂಪನಿಯ ಟೈರ್‌ಗಳು ಯಾವ ಬಗೆಯವೆಂದು ನೋಡಿ, ರಸ್ತೆಯ ಟೈರ್ ಆಗಿದ್ದರೆ ಹೊಸದಿರುವಾಗಲೇ ಡೀಲರಿಗೆ ಕೊಟ್ಟು ಆಲ್ ಟೆರೇನ್‌ಗೆ ಬದಲಾಯಿಸಿಕೊಳ್ಳಿ. ಆಗ ಹಳೆಯದಕ್ಕೆ ಒಳ್ಳೆಯ ಬೆಲೆ ಸಿಗುತ್ತದೆ. ನಿಮ್ಮ ಓಣಿಯಲ್ಲಿ ರಾಕ್ಸ್‌ನ ಅಗಲ ಸುಮಾರು 1.87 ಮೀಟರ್ ಆದ್ದರಿಂದ ಕನ್ನಡಿ ಮಡಚಿದರೆ ಎರಡೂ ಕಡೆ ಗೇಣಗಲ ಉಳಿಯುತ್ತದೆ. ಮೆಟ್ಟಿಲು ಹಾಕಿಸುವಾಗ ಕೆಳಕ್ಕೆ ಜೋತುಬೀಳುವ ಕೊಳವೆಯ ಮಾದರಿ ಬೇಡ, ಚಾಸಿಗೆ ಅಂಟಿಕೊಂಡಿರುವ ಚಪ್ಪಟೆಯದನ್ನೇ ಹಾಕಿಸಿ. ಇಲ್ಲವಾದರೆ ಅಳೆದು ಕೊಂಡ ಎತ್ತರವನ್ನು ಆ ಮೆಟ್ಟಿಲೇ ತಿಂದುಹಾಕುತ್ತದೆ.